ಪಾವಕಮ್ಮಿ ಮೂರು ಎಕರೆ

ನನಗೆ ಒಂದು ಸೊಕ್ಕಿದೆ. ಅದನ್ನು ಮುಚ್ಚಿಡುವ ಇರಾದೆಯೂ ಇಲ್ಲ. ನಾನು ಗಣಿತ ಕಲಿಸುವ ಬೀದರಿನ ಸಾಲೆಯಲ್ಲಿ ಅಂಕಪಟ್ಟಿ ತಯಾರಾಗುವ ದಿನ ಉಳಿದವರೆಲ್ಲ ಮೊಬೈಲು ತೆಗೆದು ಕ್ಯಾಲ್ಕುಲೇಟರ್ ಒತ್ತುತ್ತಿದ್ದರೆ ನಾನು ಕಿಟಕಿಯ ಕಡೆ ನೋಡುತ್ತಲೇ ಹೇಳಿಬಿಡುತ್ತೇನೆ. ನಲವತ್ತಕ್ಕೆ ಮೂವತ್ತೈದು ಬಂದರೆ ನೂರಕ್ಕೆ ಎಂಬತ್ತೇಳೂವರೆ. ನಲವತ್ತಕ್ಕೆ ಹದಿನೈದು ಬಂದರೆ ಮೂವತ್ತೇಳೂವರೆ, ಅಂಥವನ ಅಪ್ಪನನ್ನು ಸಾಲೆಗೆ ಕರೆಸಬೇಕು. ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು ಒಮ್ಮೆ ಮೇಜಿನ ಕೆಳಗೆ ಮೊಬೈಲು ಹಿಡಿದು ನನ್ನ ಉತ್ತರಗಳನ್ನು ತಾಳೆ ನೋಡುತ್ತಿದ್ದರು. ನಾಲ್ಕು ಉತ್ತರ ನೋಡಿದರು, ಐದನೆಯದಕ್ಕೆ ಮೊಬೈಲು ಜೇಬಿಗೆ ಹಾಕಿಕೊಂಡರು. ಆ ದಿನ ನಾನು ಖುಷಿಗೆ ಎರಡು ಕಪ್ಪು ಚಹಾ ಕುಡಿದೆ.

ಈ ವಿದ್ಯೆ ನನಗೆ ಬಿ.ಎಸ್ಸಿ.ಯಿಂದ ಬಂದದ್ದಲ್ಲ. ಸಾಲೆಯ ಹೊಸ್ತಿಲನ್ನೇ ದಾಟದ ನನ್ನ ಅವ್ವನಿಂದ ಬಂದದ್ದು. ಅದೂ ಸುಮ್ಮನೆ ಬರಲಿಲ್ಲ, ಒಂದು ಮಧ್ಯಾಹ್ನ ಹೊಲದಲ್ಲಿ ನಾಲ್ಕು ಜನರ ಮುಂದೆ ನನ್ನ ಮುಖಕ್ಕೆ ಮಂಗಳಾರತಿ ಆದ ಮೇಲೆ ಬಂತು.

ಅವ್ವನ ತವರು ಔರಾದ್ ತಾಲೂಕಿನ ಎಕಂಬಾ. ಮದುವೆಯಾಗಿ ಬಂದದ್ದು ಭಾಲ್ಕಿಗೆ, ನಾನು ಹುಟ್ಟಿ ಬೆಳೆದದ್ದೂ ಅಲ್ಲೇ. ಅವ್ವನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ, ಅಂದರೆ ನನ್ನ ದೊಡ್ಡ ಮಾವ ಮತ್ತು ಸಣ್ಣ ಮಾವ. ಅವರಿಬ್ಬರೂ ಪಾಟಿ ಹಿಡಿದು ಸಾಲೆಗೆ ಹೋದರೆ ಅವ್ವ ಜೋಳದ ಹೊಲದ ಅಟ್ಟದ ಮೇಲೆ ಅಜ್ಜನ ಜೊತೆ ಹಕ್ಕಿ ಹೊಡೆಯಲು ಕೂಡುತ್ತಿದ್ದಳು. ಅಜ್ಜ ಹಳೆಯ ಕಾಲದಲ್ಲಿ ಮರಾಠಿ ಸಾಲೆಯಲ್ಲಿ ನಾಲ್ಕು ವರ್ಷ ಕೂತವನು. ಹಕ್ಕಿ ಬರದ ಹೊತ್ತಿನಲ್ಲಿ ಮಗಳಿಗೆ ಮಗ್ಗಿ ಕಲಿಸುತ್ತಿದ್ದ. ಒಂದೊಂದ್ಲಿ ಒಂದರ ಮಗ್ಗಿಯಲ್ಲ, ತುಂಡಿನ ಮಗ್ಗಿ. ಕಾಲಿನ ಮಗ್ಗಿಗೆ ಪಾವಕಿ, ಅರ್ಧದ ಮಗ್ಗಿಗೆ ನಿಮಕಿ, ಮುಕ್ಕಾಲಿನ ಮಗ್ಗಿಗೆ ಪಾವಣಕಿ, ಒಂದೂಕಾಲಿನದು ಸವಾಯಕಿ, ಒಂದೂವರೆಯದು ದೀಡಕಿ, ಎರಡೂವರೆಯದು ಅಡೀಚಕಿ. ಅರ್ಧ ಮರಾಠಿ, ಅರ್ಧ ಕನ್ನಡ, ನಡುನಡುವೆ ಹಕ್ಕಿಗೆ ಒಂದು ಬೈಗುಳ. ಅವ್ವ ಅದನ್ನು ಹಾಗೇ, ಬೈಗುಳದ ಸಮೇತ, ಬಾಯಿಪಾಠ ಮಾಡಿಕೊಂಡಿದ್ದಳು.

ಭಾಲ್ಕಿಯ ಮನೆಯಲ್ಲಿ ರೊಟ್ಟಿ ಬಡಿಯುವಾಗ ಅವಳ ಬಾಯಲ್ಲಿ ಇದೇ. ದೀಡ ಸಾತೆ ಸಾಡೇದಹಾ, ಅಂದರೆ ಒಂದೂವರೆ ಏಳಲೆ ಹತ್ತೂವರೆ, ಎಂದು ಶುರುವಾದರೆ ರೊಟ್ಟಿ ಹಂಚಿಗೆ ಬೀಳುವ ಹೊತ್ತಿಗೆ ಹದಿನೈದಕ್ಕೆ ಬಂದು ಮುಟ್ಟುತ್ತಿತ್ತು. ಬೀದರಿಗೆ ಕಾಲೇಜಿಗೆ ಹೋದ ಮೇಲೆ ನನಗೆ ಅದು ಕೇಳಿದರೆ ಮೈ ಉರಿಯುತ್ತಿತ್ತು. ಗೆಳತಿಯರು ಮನೆಗೆ ಬಂದಾಗಲಂತೂ ಅಡಿಗೆಮನೆಯ ಬಾಗಿಲು ಎಳೆದುಬಿಡುತ್ತಿದ್ದೆ. ಈಗ ದಶಮಾಂಶದ ಕಾಲ, ಚುಕ್ಕೆ ಇಟ್ಟು ಬರೆಯುವ ಕಾಲ, ನಿನ್ನ ಪಾವಕಿ ನಿಮಕಿ ಮ್ಯೂಸಿಯಮ್ಮಿಗೆ ಕೊಡು ಎಂದು ನಗುತ್ತಿದ್ದೆ. ಅವ್ವ ಸಿಟ್ಟಾಗುತ್ತಿರಲಿಲ್ಲ. ಚುಕ್ಕೆ ಎಂದರೇನು ಎಂದು ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಿಕೊಡಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ನಮ್ಮವರ ರೂಢಿಯಂತೆ ಅವನನ್ನು ಅವನದೇ ಹೊಲದಲ್ಲಿ ಮಣ್ಣು ಮಾಡಿದರು. ಅದರ ಮೇಲೆ ಆರಡಿ ಉದ್ದ, ಆರಡಿ ಅಗಲದ ಒಂದು ಕಲ್ಲಿನ ಕಟ್ಟೆಯನ್ನು ಅವ್ವ ತಾನೇ ನಿಂತು ಕಟ್ಟಿಸಿದಳು. ವರ್ಷಕ್ಕೊಮ್ಮೆ ಹೋಗಿ ತೊಳೆದು, ವಿಭೂತಿ ಹಚ್ಚಿ, ದೀಪ ಇಟ್ಟು ಬರುತ್ತಿದ್ದಳು. ಕೆಲವು ವರ್ಷ ಕಳೆದ ಮೇಲೆ ಸಣ್ಣ ಮಾವ ಟ್ರ್ಯಾಕ್ಟರ್ ಹೊಡೆಯಲು ಶುರುಮಾಡಿದ. ಕಟ್ಟೆ ಹೊಲದ ನಡುವೆ ಬರುತ್ತದೆ, ಸಾಲು ಮುರಿಯುತ್ತದೆ, ಹಿಸ್ಸೆಯಾಗಿ ತನ್ನ ಪಾಲಿಗೆ ಬಂದರೆ ಕಲ್ಲುಗಳನ್ನು ತೆಗೆದು ಬದುವಿನ ಮೇಲೆ ಇಡುತ್ತೇನೆ ಎಂದು ಯಾರದೋ ಮದುವೆಯಲ್ಲಿ ಹೇಳಿದನಂತೆ. ಕೆಟ್ಟವನಲ್ಲ ಅವನು. ಅಪ್ಪ ಕಲ್ಲಿನಲ್ಲಿ ಇಲ್ಲ, ಮನಸ್ಸಿನಲ್ಲಿ ಇದ್ದಾನೆ ಎನ್ನುವ ಜಾತಿ. ಅವ್ವನಿಗೆ ಮಾತ್ರ ಆ ಮಾತು ಎದೆಗೆ ನಾಟಿತು.

ಅಲ್ಲಿಯ ತನಕ ತವರಿನ ಆಸ್ತಿ ಕೇಳದವಳು ಆಗ ಕೇಳಿದಳು. ಹೆಣ್ಣುಮಕ್ಕಳು ಒಂದು ಸೀರೆ, ಕುಬುಸ ತಗೊಂಡು ಹಕ್ಕು ಬಿಟ್ಟು ಸಹಿ ಹಾಕುವುದು ನಮ್ಮ ಕಡೆ ನಡೆದು ಬಂದದ್ದು. ದೊಡ್ಡ ಮಾವ ಅದನ್ನು ಮೆಲ್ಲಗೆ ನೆನಪಿಸಿದ. ಸೀರೆ ತನ್ನ ಹತ್ತಿರ ಬೇಕಾದಷ್ಟು ಇವೆ, ತನಗೆ ಮೂರರಲ್ಲಿ ಒಂದು ಪಾಲು ಮೂಡಣ ಬದುವಿನಿಂದ ಅಳೆದು ಕೊಡಿ ಎಂದಳು ಅವ್ವ. ಮೂಡಣವೇ ಯಾಕೆ ಎಂದು ಇಬ್ಬರಿಗೂ ತಿಳಿಯಿತು, ಕಟ್ಟೆ ಇದ್ದದ್ದು ಆ ಕಡೆ. ದೊಡ್ಡ ಮಾವ ಒಪ್ಪಿದ. ಆದರೆ ಒಂದು ಕರಾರು ಹಾಕಿದ. ಲೆಕ್ಕದಂತೆ ಗೆರೆ ಎಲ್ಲಿ ಬೀಳುತ್ತದೋ ಅಲ್ಲೇ. ಕಟ್ಟೆಗಾಗಿ ಒಂದು ಗೇಣು ಆಚೆ ಇಲ್ಲ, ಒಂದು ಗೇಣು ಈಚೆ ಇಲ್ಲ. ಅವ್ವ ಆಗಲಿ ಎಂದಳು.

ಲೆಕ್ಕ ಯಾರು ಮಾಡಬೇಕು? ಮತ್ತ್ಯಾರು, ಇಡೀ ಬಳಗದಲ್ಲಿ ಗಣಿತ ಓದಿದವಳು ನಾನೊಬ್ಬಳೇ. ಫಸ್ಟ್ ಕ್ಲಾಸು, ಮೇಲಾಗಿ ಹೊಸ ಕ್ಯಾಲ್ಕುಲೇಟರ್. ತೊಗರಿ ಕಟಾವಾಗಿ ಹೊಲ ಖಾಲಿಯಾದ ಮೇಲೆ ಅವ್ವ ಭಾಲ್ಕಿಯಿಂದ ಬೀದರಿಗೆ ಬಂದಳು. ಇಬ್ಬರೂ ಸಂತಪುರದ ಮೇಲೆ ಹೋಗುವ ಔರಾದ್ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಅವ್ವ ಒಂದೇ ಮಾತು ಹೇಳಿದಳು. ಗೆರೆ ಕಟ್ಟೆಯ ಈಚೆಗೇ ನಿಂತರೆ ತಾನು ತಕರಾರು ತೆಗೆಯುವುದಿಲ್ಲ, ಕೊಟ್ಟ ಮಾತು ಮಾತೇ. ಹೇಳಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾನು ಚಿಂತೆ ಮಾಡಬೇಡ ಎಂದೆ, ಲೆಕ್ಕ ನನ್ನ ಕೈಯಲ್ಲಿದೆ ಎಂದೆ. ಆ ಮಾತು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹೊಲದಲ್ಲಿ ಬೇವಿನ ಗಿಡದ ಕೆಳಗೆ ಹೊರಸು ಹಾಕಿದ್ದರು. ಮಾವಂದಿರಿಬ್ಬರು, ಸರಪಳಿ ಹಿಡಿದು ಅಳೆಯುವ ಊರಿನ ಹಿರಿಯರೊಬ್ಬರು, ಅವ್ವ, ನಾನು. ದೊಡ್ಡ ಮಾವ ಪಹಣಿ ಕಾಗದಗಳನ್ನು ನನ್ನ ಕೈಗೆ ಕೊಟ್ಟ. ಒಂದಕ್ಕೊಂದು ಹತ್ತಿಕೊಂಡ ಮೂರು ತುಂಡು ಹೊಲ. ಕಾಗದದಲ್ಲಿ ಮೊದಲನೆಯದು 3.30, ಎರಡನೆಯದು 2.05, ಮೂರನೆಯದು 2.15. ನಾನು ಕಾಲು ಮೇಲೆ ಕಾಲು ಹಾಕಿ ಕೂತು, ಎಲ್ಲರೂ ನೋಡುವಂತೆ ಕ್ಯಾಲ್ಕುಲೇಟರ್ ಒತ್ತಿದೆ. ಮೂರೂ ಕೂಡಿಸಿದರೆ 7.50. ಮೂರರಿಂದ ಭಾಗಿಸಿದರೆ 2.50. ಒಬ್ಬೊಬ್ಬರಿಗೆ ಎರಡೂವರೆ ಎಕರೆ, ಅಂದರೆ ಎರಡೆಕರೆ ಇಪ್ಪತ್ತು ಗುಂಟೆ ಎಂದು ಸಾರಿದೆ. ಎಷ್ಟು ಚೊಕ್ಕ ಉತ್ತರ ನೋಡಿ, ಒಂದು ಚೂರೂ ಉಳಿಯಲಿಲ್ಲ.

ಎಂಟೆಕರೆ ಹೊಲ ಅನ್ನುತ್ತಿದ್ದೆವಲ್ಲ, ಏಳೂವರೆ ಹೇಗಾಯಿತು ಎಂದು ಸರಪಳಿಯ ಹಿರಿಯರು ತಲೆ ಕೆರೆದುಕೊಂಡರು. ಸಣ್ಣ ಮಾವ, ಎಂಟು ಅಂಬೋದು ಬಾಯಿಲೆಕ್ಕ, ಇದು ಮಷೀನಿನ ಲೆಕ್ಕ ಎಂದ. ನಾನು ಜಾಣೆಯಂತೆ ತಲೆಯಾಡಿಸಿದೆ.

ಒಂದು ಸರಪಳಿಯ ಚೌಕ ಎಂದರೆ ಒಂದು ಗುಂಟೆ, ಹೊಲದ ಅಗಲ ಸರಿಯಾಗಿ ಹತ್ತು ಸರಪಳಿ. ಹಾಗಾಗಿ ಉದ್ದಕ್ಕೆ ಒಂದು ಸರಪಳಿ ಮುಂದೆ ಹೋದರೆ ಹತ್ತು ಗುಂಟೆ. ಎರಡೂವರೆ ಎಕರೆಗೆ ಹತ್ತು ಸರಪಳಿ ಅಳೆಯಬೇಕು. ಹಿರಿಯರು ಮೂಡಣ ಬದುವಿನಿಂದ ಅಳೆಯುತ್ತ ಹೊರಟರು, ನಾವೆಲ್ಲ ತೊಗರಿ ಕೂಳೆ ತುಳಿಯುತ್ತ ಹಿಂದೆ ಹೋದೆವು. ಎಂಟು, ಒಂಬತ್ತು, ಹತ್ತು. ಸರಪಳಿ ಕಟ್ಟೆಗೆ ಹತ್ತಡಿ ಈಚೆಗೇ ನಿಂತುಬಿಟ್ಟಿತು. ಸಣ್ಣ ಮಾವ ಸುಣ್ಣದ ಪುಡಿ ಹಿಡಿದು ಅಡ್ಡಗಲಕ್ಕೂ ಗೆರೆ ಎಳೆದ. ಅಜ್ಜ ಆಚೆಗಾದ.

ಅವ್ವ ಗೆರೆಯ ಈ ಬದಿಗೆ ನಿಂತು ಕಟ್ಟೆಯನ್ನು ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಆದರೆ ಲೆಕ್ಕ ಲೆಕ್ಕವೇ, ನಾನೇನು ಮಾಡಲಿ ಎಂದು ಸಮಾಧಾನ ಹೇಳಿಕೊಂಡೆ. ದೊಡ್ಡ ಮಾವನೂ ನೆಲ ನೋಡುತ್ತ ನಿಂತಿದ್ದ. ಅವನಿಗೂ ಹೀಗಾಗಬಾರದಿತ್ತು ಅನಿಸಿರಬೇಕು.

ಅವ್ವ ನನ್ನ ಕಡೆ ತಿರುಗಿ, ಆ ಕಾಗದದಾಗ ಏನು ಬರ್ದಾರ ಮತ್ತೊಮ್ಮಿ ಓದು ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಾವಂದಿರ ಮುಂದೆ ನನ್ನನ್ನೇ ಪರೀಕ್ಷೆ ಮಾಡುವುದೇ? ಕ್ಯಾಲ್ಕುಲೇಟರ್ ಅವಳ ಮುಖದ ಮುಂದೆ ಹಿಡಿದೆ.

"ನಿನಗೇನು ತಿಳೀತದ ಅವ್ವ, ಸುಮ್ಮನಿರು. ಮಷೀನ್ ಸುಳ್ಳು ಹೇಳ್ತದೇನು?"

"ಮಷೀನಿನ ಮಾತು ಬ್ಯಾಡ, ಕಾಗದ ಓದು" ಎಂದಳು ಅವ್ವ. ದನಿ ಏರಲಿಲ್ಲ. ನಾನು ಗುರುಗುಟ್ಟುತ್ತ ಓದಿದೆ: ಮೂರು ಎಕರೆ ಮೂವತ್ತು ಗುಂಟೆ, ಎರಡೆಕರೆ ಐದು ಗುಂಟೆ, ಎರಡೆಕರೆ ಹದಿನೈದು ಗುಂಟೆ. ಅವ್ವ ಕಣ್ಣು ಮುಚ್ಚಿಕೊಂಡಳು. ರೊಟ್ಟಿ ಬಡಿಯುವಾಗ ಆಡುವಂತೆ ಅವಳ ಬಲಗೈ ಮೆಲ್ಲಗೆ ಆಡಿತು.

"ಮೂರೆಕರಿ ಮೂವತ್ತು ಗುಂಟಿ ಅಂದ್ರ ಪಾವಕಮ್ಮಿ ನಾಕು. ಐದು ಗುಂಟಿ, ಹದಿನೈದು ಗುಂಟಿ ಕೂಡಿದ್ರ ಇಪ್ಪತ್ತು, ಅಂದ್ರ ಅರ್ಧಾ ಎಕರಿ. ಎರಡು ಎರಡು ನಾಕು, ಮ್ಯಾಲ ಅರ್ಧಾ, ನಾಕೂವರಿ. ನಾಕೂವರಿಗಿ ಪಾವಕಮ್ಮಿ ನಾಕು ಕೂಡಿಸಿದ್ರ ಸವ್ವಾ ಎಂಟು. ಮೂರು ಪಾಲು ಮಾಡಿದ್ರ ಪಾವಕಮ್ಮಿ ಮೂರು. ನೀ ಹ್ಯಾಂಗ ಅಡೀಚ ಅಂದಿ?"

ಸವ್ವಾ ಎಂಟು ಅಂದರೆ ಎಂಟೂಕಾಲು. ಪಾವಕಮ್ಮಿ ಮೂರು, ಅಂದರೆ ಮೂರಕ್ಕೆ ಕಾಲು ಕಡಿಮೆ, ಎರಡೂಮುಕ್ಕಾಲು. ನಾನು ಉತ್ತರ ಕೊಡಲು ಬಾಯಿ ತೆರೆದೆ, ಮತ್ತು ಅಲ್ಲೇ ನನಗೆ ಬೆಳಕಾಯಿತು. ಎಕರೆಗೆ ನಲವತ್ತು ಗುಂಟೆ. ಕಾಗದದ ಚುಕ್ಕೆಯ ಮುಂದೆ ಇದ್ದದ್ದು ನಲವತ್ತರಲ್ಲಿ ಮೂವತ್ತು. ನಾನು ಅದನ್ನು ನೂರರಲ್ಲಿ ಮೂವತ್ತು ಎಂದು ಒತ್ತಿದ್ದೆ. ನಲವತ್ತರಲ್ಲಿ ಮೂವತ್ತು ಎಂದರೆ ಮುಕ್ಕಾಲು, ದಶಮಾಂಶದಲ್ಲಿ 0.75, ಶೇಕಡಾ ಎಪ್ಪತ್ತೈದು. ಐದನೆಯ ತರಗತಿಯ ಲೆಕ್ಕ. ಫಸ್ಟ್ ಕ್ಲಾಸಿನವಳು ಅದನ್ನು ತಪ್ಪಿದ್ದೆ. ಅವ್ವನ ಅಪ್ಪನನ್ನು ನನ್ನ ಕೈಯಾರೆ ಗೆರೆಯ ಆಚೆಗೆ ಹಾಕಿದ್ದೆ.

ತಪ್ಪು ಒಪ್ಪಿಕೊಳ್ಳುವುದು ಕಷ್ಟ ಎಂದು ಹೇಳುತ್ತಾರೆ. ನನಗೆ ಅದಕ್ಕಿಂತ ಕಷ್ಟವಾದದ್ದು ಕೈಯಲ್ಲಿದ್ದ ಕ್ಯಾಲ್ಕುಲೇಟರನ್ನು ಎಲ್ಲಿಡಬೇಕು ಎಂಬುದು. ಕೊನೆಗೆ ಅದನ್ನು ಅವ್ವನ ಕೈಚೀಲದೊಳಗೆ, ರೊಟ್ಟಿ ಬುತ್ತಿಯ ಮೇಲೆ ಹಾಕಿ, ಮಾವಂದಿರ ಕಡೆ ತಿರುಗಿದೆ.

"ಮಾವ, ಅವ್ವನ ಲೆಕ್ಕ ಖರೆ ಅದ್ರಿ. ನಂದು ತಪ್ಪಾಗ್ಯಾದ."

ಸಣ್ಣ ಮಾವ ಒಪ್ಪಲಿಲ್ಲ. ಗೆರೆ ಬಿದ್ದಾಗಿದೆ, ಮಾತೂ ಆಗಿದೆ, ತಾಯಿ ಮಗಳು ಸೇರಿ ಈಗ ಹೊಸ ಲೆಕ್ಕ ತೆಗೆದರೆ ಹೇಗೆ ಎಂದ. ಅವನ ಮಾತಿನಲ್ಲೂ ನ್ಯಾಯ ಇತ್ತು, ನನ್ನ ಲೆಕ್ಕವನ್ನೇ ನಂಬಿ ಅವನು ಸುಣ್ಣ ಚೆಲ್ಲಿದ್ದ. ಅವ್ವ ವಾದಕ್ಕೆ ಇಳಿಯಲಿಲ್ಲ. ಕೂಳೆಯ ನಡುವೆ ಕುಕ್ಕರಗಾಲಲ್ಲಿ ಕೂತು ಹರಳುಕಲ್ಲು ಆರಿಸತೊಡಗಿದಳು. ಐದು ಗುಂಟೆಗೆ ಒಂದು ಹರಳು, ಎಂಟು ಹರಳಿಗೆ ಒಂದು ಎಕರೆ, ಅಜ್ಜ ಅಟ್ಟದ ಮೇಲೆ ಕಲಿಸಿದ್ದು ಹೀಗೇ ಎಂದಳು. ದೊಡ್ಡ ಮಾವ ಕೆಲಹೊತ್ತು ನೋಡಿದ. ಆಮೇಲೆ ಧೋತರ ಮೇಲೆತ್ತಿ ತಂಗಿಯ ಎದುರಿಗೆ ಕೂತು ತಾನೂ ಹರಳು ಇಡತೊಡಗಿದ. ಮೊದಲ ತುಂಡಿಗೆ ಮೂವತ್ತು ಹರಳು. ಎರಡನೆಯದಕ್ಕೆ ಹದಿನೇಳು. ಮೂರನೆಯದಕ್ಕೆ ಹತ್ತೊಂಬತ್ತು. ಒಟ್ಟು ಅರವತ್ತಾರು. ಎಂಟೆಂಟರ ಗುಂಪು ಮಾಡಿದರೆ ಎಂಟು ಗುಂಪು, ಮೇಲೆ ಎರಡು ಹರಳು. ಸವ್ವಾ ಎಂಟು ಎಕರೆ.

ಮೂರು ಪಾಲು ಹಾಕುವ ಕೆಲಸವನ್ನು ದೊಡ್ಡ ಮಾವ ಬೇಕೆಂದೇ ತಮ್ಮನಿಗೆ ಬಿಟ್ಟ. ಸಣ್ಣ ಮಾವ ಮುಖ ಗಂಟಿಕ್ಕಿಕೊಂಡು ನಿನಗೊಂದು, ನನಗೊಂದು, ಅಕ್ಕನಿಗೊಂದು ಎಂದು ಹಂಚಿದ. ಒಬ್ಬೊಬ್ಬರಿಗೆ ಇಪ್ಪತ್ತೆರಡು. ಎಂಟರ ಎರಡು ಗುಂಪು, ಮೇಲೆ ಆರು ಹರಳು. ಎಂಟರಲ್ಲಿ ಆರು ಎಂದರೆ ಮುಕ್ಕಾಲು. ಅವನು ಕೂಡಿಸಿ ಮತ್ತೆ ಹಂಚಿದ, ಮೂರನೆಯ ಸಲವೂ ಹಂಚಿದ. ಪಾವಕಮ್ಮಿ ಮೂರೇ ಬಂತು. ದೊಡ್ಡ ಮಾವ ಎದ್ದು ಕೈ ಝಾಡಿಸಿಕೊಂಡ.

"ಸಾಲಿಗಿ ಹೋದೋರು ನಾವು, ಅಪ್ಪನ ಲೆಕ್ಕ ನೆನಪಿಟ್ಟಾಕಿ ಇಕಿ. ಹಿಡಿ ತಮ್ಮಾ ಸರಪಳಿ."

ಹತ್ತು ಗುಂಟೆ ಹೆಚ್ಚು, ಅಂದರೆ ಒಂದು ಸರಪಳಿ, ಮೂವತ್ತಮೂರು ಅಡಿ. ಮೊದಲಿನ ಗೆರೆಯಿಂದ ಹತ್ತಡಿಗೆ ಕಟ್ಟೆ ಶುರು, ಅದನ್ನು ದಾಟಿ ಮತ್ತೂ ಹದಿನೇಳು ಅಡಿ ಮುಂದೆ ಹೋಗಿ ಸರಪಳಿ ನಿಂತಿತು. ಹಳೆಯ ಗೆರೆಯನ್ನು ಸಣ್ಣ ಮಾವ ತಾನೇ ಕಾಲಿನಿಂದ ಅಳಿಸಿದ, ತಾನೇ ಹೊಸದು ಎಳೆದ. ಉಳಿದ ಸುಣ್ಣವನ್ನು ಕಟ್ಟೆಯ ನಾಲ್ಕೂ ಮೂಲೆಗೆ ಚಿಟಿಕೆ ಚಿಟಿಕೆ ಇಟ್ಟು, ಕೈ ಮುಗಿದು ಬಂದ. ಅವ್ವ ಆಗ ಅತ್ತಳು. ಅಲ್ಲಿಯ ತನಕ ಒಂದು ಹನಿ ಹಾಕಿರಲಿಲ್ಲ. ನನಗೆ ಅಳು ಬರಲಿಲ್ಲ, ಎದೆ ಉಬ್ಬಿತು. ಇವಳು ನನ್ನ ಅವ್ವ ಎಂದು ಔರಾದಿನ ತನಕ ಕೇಳುವಂತೆ ಕೂಗಬೇಕು ಅನಿಸಿತು. ಕೂಗುವ ಮುಖ ಇರಲಿಲ್ಲ, ಸುಮ್ಮನೆ ಅವಳ ಬುತ್ತಿಯ ಚೀಲ ಹೊತ್ತುಕೊಂಡೆ.

ಆ ವಾರವೇ ಭಾಲ್ಕಿಯ ಅಡಿಗೆಮನೆಯಲ್ಲಿ ಕೂತು ಪಾವಕಿಯಿಂದ ಅಡೀಚಕಿಯ ತನಕ ಕಲಿತೆ. ಬದಲಿಗೆ ಅವ್ವನಿಗೆ ಚುಕ್ಕೆ ಕಲಿಸಿದೆ. ನೂರಕ್ಕೆ ಎಷ್ಟು ಎಂಬುದನ್ನು ಅವಳು ಒಂದೇ ದಿನದಲ್ಲಿ ಹಿಡಿದಳು. ತುಂಡು ಗೊತ್ತಿದ್ದವಳಿಗೆ ಅದೇನು ಮಹಾ ವಿದ್ಯೆ? ಪಾವು ಎಂದರೆ ಇಪ್ಪತ್ತೈದು, ಪಾವಿನ ಅರ್ಧ ಎಂದರೆ ಹನ್ನೆರಡೂವರೆ ಎಂದು ತಾನೇ ಇಳಿಸಿಕೊಂಡು ಹೋದಳು. ಈಗ ನನ್ನ ತರಗತಿಯಲ್ಲಿ ಭಿನ್ನರಾಶಿಯ ಪಾಠ ಬಂದಾಗ ನಾನು ಪುಸ್ತಕ ತೆರೆಯುವ ಮೊದಲು ಬೋರ್ಡಿನ ಮೇಲೆ 3.30 ಎಕರೆ ಎಂದು ಬರೆದು, ಅದು ಎಷ್ಟು ಎಂದು ಕೇಳುತ್ತೇನೆ. ಮೂರು ದಶಮಾಂಶ ಮೂರು ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬನ್ನಿ ಎಂದು ಕಳಿಸುತ್ತೇನೆ. ಮರುದಿನ ಅರ್ಧ ತರಗತಿ ಮುಕ್ಕಾಲು ತಿಳಿದು ಬರುತ್ತದೆ. ನನ್ನ ಮಕ್ಕಳು ಆ ಪಾಠದಲ್ಲಿ ಅಂಕ ಕಳೆದುಕೊಳ್ಳುವುದಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಒಂದು ಲೆಕ್ಕವನ್ನು ಮಾತ್ರ ತರಗತಿಯಲ್ಲಿ ಹೇಳಿಲ್ಲ. ಹೊಲ ಅಳೆದ ಕೆಲವು ವಾರಕ್ಕೆ ಕಾಗದಪತ್ರ ಮಾಡಿಸಲು ಎಲ್ಲರೂ ಔರಾದಿನಲ್ಲಿ ಸೇರಿದ್ದೆವು. ಕಂಪ್ಯೂಟರಿನಲ್ಲಿ ಅರ್ಜಿ ತುಂಬುವ ಅಂಗಡಿಯವನು ಒಬ್ಬೊಬ್ಬರ ಪಾಲು ಶೇಕಡಾ ಎಷ್ಟು ಎಂದು ಕೇಳಿದ. ಮೂರರಲ್ಲಿ ಒಂದು ಎಂದೆ. ಹಾಗೆ ಬರೆಯಲು ಬರುವುದಿಲ್ಲ, ಚುಕ್ಕೆಯ ಮುಂದೆ ಎರಡೇ ಅಂಕಿಗೆ ಜಾಗ ಎಂದ. ಒಂದನ್ನು ಮೂರರಿಂದ ಭಾಗಿಸಿದರೆ ಮೂರರ ಹಿಂದೆ ಮೂರು ಬರುತ್ತಲೇ ಇರುತ್ತದೆ, ಎಂದೂ ಮುಗಿಯುವುದಿಲ್ಲ. ಅವನು ಎರಡು ಅಂಕಿಗೆ ಕತ್ತರಿಸಿ ಮೂವರಿಗೂ 33.33 ಎಂದು ಹೊಡೆದ. ಕೂಡಿಸಿದರೆ 99.99. ಉಳಿದ ಚೂರನ್ನು ಒಬ್ಬರಿಗೆ ಸೇರಿಸಿ 33.34 ಮಾಡುವುದು ರೂಢಿ, ಯಾರಿಗೆ ಹಾಕಲಿ ಎಂದು ಕೇಳಿದ. ದೊಡ್ಡ ಮಾವ ತಂಗಿಗೆ ಹಾಕು ಎಂದ. ಸಣ್ಣ ಮಾವನೂ ನಗುತ್ತ, ಅಕ್ಕಗೇ ಹಾಕ್ರಿ, ಇಲ್ಲಾಂದ್ರ ಮತ್ತ ಹರಳು ತೆಗೀತಾಳ ಎಂದ.

"ಯಾರಿಗೂ ಬ್ಯಾಡ್ರಿ" ಎಂದಳು ಅವ್ವ. "ಅದು ಅಪ್ಪಂದು."

ಅಂಗಡಿಯವನು ನಮ್ಮ ಮುಖ ನೋಡಿದ. ಯಾರೂ ನಗಲಿಲ್ಲ. ಅವನು ಹಾಗೇ ಬಿಟ್ಟು ಗುಂಡಿ ಒತ್ತಿದ, ಕಂಪ್ಯೂಟರ್ ತಕರಾರು ಮಾಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಅದೇ ಚೂರು. ನೂರಕ್ಕೆ 0.01, ಅಂದರೆ ಹತ್ತು ಸಾವಿರದಲ್ಲಿ ಒಂದು. ಸವ್ವಾ ಎಂಟು ಎಕರೆ ಎಂದರೆ ಮುನ್ನೂರ ಮೂವತ್ತು ಗುಂಟೆ. ಗುಂಟೆಗೆ ಮೂವತ್ತಮೂರು ಅಡಿಯ ಚೌಕ, ಸಾವಿರದ ಎಂಬತ್ತೊಂಬತ್ತು ಚದರಡಿ. ಗುಣಿಸಿದೆ, ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ಮೂರು ಲಕ್ಷ ಐವತ್ತೊಂಬತ್ತು ಸಾವಿರ ಚಿಲ್ಲರೆ. ಹತ್ತು ಸಾವಿರದಿಂದ ಭಾಗಿಸಿ ಚುಕ್ಕೆ ಇಟ್ಟೆ. ಮೂವತ್ತಾರು ಚದರಡಿಗೆ ಕೂದಲೆಳೆಯಷ್ಟು ಕಡಿಮೆ. ನಂಬಿಕೆ ಬರದೆ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಮಾಡಿದೆ. ಮೂವತ್ತಾರೇ. ಆಮೇಲೆ ಅವ್ವನ ಕೈ ಹಿಡಿದು, ನೀನು ಅಜ್ಜನಿಗೆ ಬಿಟ್ಟ ಚೂರು ಆರಡಿ ಉದ್ದ, ಆರಡಿ ಅಗಲ, ಸರಿಯಾಗಿ ಅವನ ಕಟ್ಟೆಯಷ್ಟೇ ಆಗುತ್ತದೆ ಎಂದೆ.

ಅವ್ವ ತುಸು ಹೊತ್ತು ಬೆರಳು ಮಡಿಚಿ ಏನೋ ಎಣಿಸಿದಳು. ಆಮೇಲೆ ನನ್ನ ಕಡೆ ನೋಡಿ ಕೇಳಿದಳು.

"ನೂರಕ್ಕ ನೂರು ಆಯ್ತಲ್ಲ ಮತ್ತ?"

ಆಯಿತು ಎಂದೆ.